ಗಿಣ್ಣಿನ ಆರ್ಡರು

ಹಾಲಿನ ಒಕ್ಕೂಟಕ್ಕೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ಒಬ್ಬ ಗುಬ್ಬಿ ಕಡೆಯವನು, ಇನ್ನೊಬ್ಬಳು ಕುಣಿಗಲ್ಲಿನ ಹುಡುಗಿ. ಹಳ್ಳಿ ಸಂಘಗಳ ಮೇಲ್ವಿಚಾರಣೆ ಅವರ ಕೆಲಸ. ನಾನು ಮಾಡಿ ನಿವೃತ್ತನಾದದ್ದೂ ಅದೇ ಕೆಲಸದಲ್ಲಿ. ಮಶಿನ್ ಇಲ್ಲದ ಕಾಲದಲ್ಲಿ ಹಾಲನ್ನು ಹೇಗೆ ಪರೀಕ್ಷೆ ಮಾಡುತ್ತಿದ್ದಿರಿ ಎಂದು ಹುಡುಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ನನ್ನ ಹೆಂಡತಿಯ ಉತ್ತರ ಬಂತು.

“ಹಾಲು ಎಲ್ಲಿ ನೋಡ್ತಿದ್ರು ಇವ್ರು, ತಂದೋರ ಮುಖ ನೋಡ್ತಿದ್ರು. ಈಗ್ಲೂ ಅಷ್ಟೇ. ಕಾಫಿ ಕೊಟ್ರೆ ಲೋಟ ನೋಡಲ್ಲ, ನನ್ನ ಮುಖ ನೋಡ್ತಾರೆ.”

ಅವಳ ಮಾತಿನಲ್ಲಿ ಸುಳ್ಳೇನೂ ಇಲ್ಲ. ಮದುವೆ ಮನೆಯಲ್ಲಿ ಎಲೆಗೆ ಪಾಯಸ ಬಿದ್ದರೆ ನಾನು ಮೊದಲು ಅದನ್ನು ಬೆರಳಿನಿಂದ ಎಳೆದು ನೋಡುತ್ತೇನೆ, ಆಮೇಲೆ ಬಡಿಸಿದವನನ್ನು ನೋಡುತ್ತೇನೆ. ಬೀಗರೊಬ್ಬರು ಇದೇ ಕಾರಣಕ್ಕೆ ನನ್ನ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟರು. ಅನುಮಾನ ಪಡುವುದಕ್ಕೇ ಸಂಬಳ ಎಣಿಸಿದವನಿಗೆ ನಿವೃತ್ತಿಯ ದಿನ ಅದನ್ನು ಆಫೀಸಿನ ಗೂಟಕ್ಕೆ ನೇತುಹಾಕಿ ಬಾ ಎಂದರೆ ಆಗುತ್ತದೆಯೇ?

ಹೊರಡುವಾಗ ಹುಡುಗಿ ಇನ್ನೊಂದು ಮಾತು ಕೇಳಿದಳು. ಅವಳ ಕಡೆಯ ಒಂದು ಸಂಘದಲ್ಲಿ ಹಳಬರೆಲ್ಲ ‘ಗಿಣ್ಣಿನ ಆರ್ಡರು’ ಎಂದು ಒಂದನ್ನು ಹೇಳುತ್ತಾರಂತೆ. ಹಸು ಕರು ಹಾಕಿದರೆ ಮೊದಲ ದಿನಗಳ ಗಿಣ್ಣುಹಾಲನ್ನು ಡೈರಿಗೆ ತರಬಾರದು, ಒಂದೇ ಗೋಡೆಯ ನೆರೆಮನೆಗೆ ಕೊಡಬೇಕು, ಇದು ಒಕ್ಕೂಟದ ಆದೇಶ ಎಂದು. ಅವಳು ಆಫೀಸಿನ ಕಡತಗಳನ್ನೆಲ್ಲ ತಡಕಿದ್ದಾಳೆ, ಅರ್ಧ ಮಾತು ಸಿಕ್ಕಿದೆ, ಇನ್ನರ್ಧ ಎಲ್ಲೂ ಇಲ್ಲ. ಹುಡುಗಿಗೆ ಅನುಮಾನದ ಬುದ್ಧಿ ಇದೆ, ಮುಂದೆ ಬರುತ್ತಾಳೆ ಎಂದುಕೊಂಡೆ. ಆ ದಿನ ನಕ್ಕು ಕಳಿಸಿದೆ. ಈಗ ಕೂತು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಹಳ್ಳಿಗಳಲ್ಲಿ ಆಗಷ್ಟೇ ಸಂಘಗಳು ಏಳುತ್ತಿದ್ದವು. ಕಾಗದದಲ್ಲಿ ಅವುಗಳ ಹೆಸರು ಉದ್ದಕ್ಕಿತ್ತು, ಜನರ ಬಾಯಲ್ಲಿ ಡೈರಿ. ಕೈಯಲ್ಲಿ ಒಂದು ಲ್ಯಾಕ್ಟೋಮೀಟರು: ಹಾಲಿನಲ್ಲಿ ತೇಲಿಬಿಡುವ ಗಾಜಿನ ಕಡ್ಡಿ. ನೀರು ಬೆರೆತಿದ್ದರೆ ಮುಳುಗುತ್ತದೆ, ಹಾಲು ಗಟ್ಟಿಯಿದ್ದರೆ ಮೇಲೆ ನಿಲ್ಲುತ್ತದೆ. ನನ್ನ ಮೇಲಧಿಕಾರಿ ಮೂರ್ತಿ ಸಾಹೇಬರು, ಕಟ್ಟುನಿಟ್ಟಿನ ಮನುಷ್ಯ. ಜೀಪಿನಲ್ಲಿ ಕೂತರೂ ಬೆನ್ನು ಸೀಟಿಗೆ ತಾಗಿಸುತ್ತಿರಲಿಲ್ಲ. ಮೊದಲ ದಿನವೇ ನನ್ನನ್ನು ಕರೆದು ಹೇಳಿದರು, “ಕಡ್ಡೀನ ನಂಬಬೇಡ ಕಣಯ್ಯ. ಸಕ್ಕರೆ ಹಾಕಿದ್ರೆ ಕಡ್ಡೀನೂ ಸುಳ್ಳು ಹೇಳುತ್ತೆ. ಕಡ್ಡಿ ಬಿಟ್ಟಾಗ ಜನ ಎಲ್ಲಿ ನೋಡ್ತಾರೆ ಅಂತ ನೋಡು.”

ಕುಣಿಗಲ್ ಕಡೆಯ ಒಂದು ಸಂಘದಲ್ಲಿ ಈ ಪಾಠ ಕೆಲಸಕ್ಕೆ ಬಂತು. ಅಲ್ಲೊಬ್ಬ ದೊಡ್ಡ ಮನುಷ್ಯರಿದ್ದರು. ಡೈರಿ ಶುರುವಾದ ದಿನ ಹಾಲಿಗೆ ನೀರು ಹಾಕುವುದು ತಾಯಿಗೆ ದ್ರೋಹ ಮಾಡಿದಂತೆ ಎಂದು ಭಾಷಣ ಮಾಡಿದವರು. ಸಾಲಿನಲ್ಲಿ ಉಳಿದವರೆಲ್ಲ ಕಡ್ಡಿ ಬಿಟ್ಟಾಗ ಕತ್ತು ಚಾಚಿ ನೋಡುತ್ತಿದ್ದರು. ನಿಯತ್ತಿನವನಿಗೂ ಆ ಗಳಿಗೆಯಲ್ಲಿ ಎದೆ ಡವಡವ ಅನ್ನುತ್ತದೆ. ಈ ಯಜಮಾನರು ಮಾತ್ರ ತಲೆಯೆತ್ತಿ ಆಕಾಶ ನೋಡುತ್ತಾ ಮಳೆಬೆಳೆ ಮಾತಾಡುತ್ತಿದ್ದರು. ನಾನು ಹಾಲಿನ ತೊಟ್ಟೊಂದನ್ನು ನಾಲಿಗೆಗೆ ಹಾಕಿಕೊಂಡೆ. ಸಿಹಿ. ಅವರ ಭಾಷಣದಷ್ಟೇ ಸಿಹಿಯಾಗಿತ್ತು.

ಇದರಿಂದ ನನಗೆ ಕೋಡು ಮೂಡಿತು. ಆಕಾಶ ನೋಡುವವನೇ ಕಳ್ಳ ಎಂದು ಸೂತ್ರ ಮಾಡಿಕೊಂಡೆ. ಮುಂದಿನ ತಿಂಗಳೇ ನಿಟ್ಟೂರಿನ ಹತ್ತಿರದ ಹಳ್ಳಿಯಲ್ಲಿ ಒಬ್ಬ ಮುದುಕಪ್ಪ ಕಡ್ಡಿ ಬಿಟ್ಟಾಗಲೆಲ್ಲ ಆಕಾಶ ನೋಡುತ್ತಿದ್ದ. ಸಿಕ್ಕಿದೆಯಪ್ಪಾ ಎಂದು ಅವನ ಹಾಲನ್ನು ಪಕ್ಕಕ್ಕಿಡಿಸಿ, ಮೂಸಿ, ರುಚಿ ನೋಡಿ, ಕುದಿಸಿ, ಊರವರ ಮುಂದೆ ಒಂದು ಗಂಟೆ ಸರ್ಕಸ್ ಮಾಡಿದೆ. ಹಾಲು ಚಿನ್ನದಂಥದ್ದು. ಮುದುಕಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. “ಎರಡೂ ಕಣ್ಗೂ ಪೊರೆ ಬಂದೈತೆ ಕಣಪ್ಪ, ಎತ್ಲಾಗ್ ನೋಡಿದ್ರೂ ಒಂದೇಯ. ನೀನೇ ಚೆನ್ನಾಗ್ ನೋಡು, ನನ್ ಪಾಲಿಂದೂ ಸೇರ್ಸಿ ನೋಡು” ಎಂದ. ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಊರಿನಲ್ಲಿ ವರ್ಷಗಟ್ಟಲೆ ನನ್ನ ಹೆಸರು ‘ಸೇರ್ಸಿ ನೋಡೋ ಸಾರು’ ಎಂದೇ ಇತ್ತು.

ಹೀಗೆ ಬಿದ್ದೆದ್ದು ಕೆಲವು ಗುರುತುಗಳನ್ನು ಕಲಿತೆ. ಯಾವುದೇ ಊರಿಗೆ ಹೋದರೂ ನಾನು ಮೊದಲು ನೋಡುತ್ತಿದ್ದದ್ದು ಹಾಲು ತಂದವರ ಸಾಲನ್ನು. ನೆಮ್ಮದಿಯ ಊರಿನಲ್ಲಿ ಸಾಲಿನಲ್ಲಿ ಜನ ಇರುವುದಿಲ್ಲ, ಪಾತ್ರೆಗಳಿರುತ್ತವೆ. ಚೊಂಬು, ಕ್ಯಾನು, ಬಿಂದಿಗೆ ಎಲ್ಲವನ್ನೂ ಸಾಲಾಗಿ ನೆಲಕ್ಕಿಟ್ಟು ಅವರವರು ಜಗಲಿಯ ಮೇಲೋ ಮರದಡಿಯೋ ಹೋಗಿ ಹರಟುತ್ತಾ ಕೂರುತ್ತಾರೆ. ಸಾಲು ಮುಂದೆ ಸರಿದಾಗ ಹತ್ತಿರವಿದ್ದ ಯಾರೋ ಒಬ್ಬರು ತಮ್ಮ ಪಾತ್ರೆಯ ಜೊತೆಗೆ ಮುಂದಿನವರದನ್ನೂ ಎತ್ತಿ ಮುಂದಿಡುತ್ತಾರೆ. ಯಾರು ಯಾರ ಪಾತ್ರೆ ಎತ್ತಿಡುತ್ತಾರೆ ಎಂದು ಸುಮ್ಮನೆ ನೋಡಿದರೆ ಸಾಕು, ಯಾರಿಗೆ ಯಾರ ಜೊತೆ ಸರಿಯಿದೆ, ಯಾವ ಅತ್ತೆಗೆ ಯಾವ ಸೊಸೆಯ ಮೇಲೆ ಮುನಿಸು ಎಂದು ಗೊತ್ತಾಗುತ್ತಿತ್ತು.

ಚೇಳೂರಿನ ದಾರಿಯಲ್ಲಿ ಒಂದು ಊರಿತ್ತು. ಹೆಸರು ಬರೆಯುವುದಿಲ್ಲ, ಎರಡೂ ಪಾರ್ಟಿಯವರ ಮೊಮ್ಮಕ್ಕಳು ಈಗ ಓದುಬರಹ ಕಲಿತಿದ್ದಾರೆ. ಎಂಬತ್ತರ ದಶಕದ ನಡುವೆ ಅಲ್ಲಿನ ಸಾಲಿನಲ್ಲಿ ಒಂದೇ ಒಂದು ಪಾತ್ರೆಯೂ ನೆಲದ ಮೇಲಿರುತ್ತಿರಲಿಲ್ಲ. ಗಂಡಸರು ಹೆಂಗಸರೆನ್ನದೆ ಎಲ್ಲರೂ ತಮ್ಮ ಹಾಲನ್ನು ಎದೆಗವಚಿಕೊಂಡು, ಮುಚ್ಚಳದ ಮೇಲೆ ಅಂಗೈ ಇಟ್ಟು ನಿಂತಿರುತ್ತಿದ್ದರು. ಕೆಳಗಿಟ್ಟರೆ ಪಕ್ಕದವರು ಏನಾದರೂ ಹಾಕಿಬಿಟ್ಟರೆ ಎಂಬ ಭಯ. ನನ್ನಂಥ ಅನುಮಾನದ ಪ್ರಾಣಿಗೂ ಅಲ್ಲಿನ ಅನುಮಾನ ಹೆಚ್ಚೆನಿಸುತ್ತಿತ್ತು.

ಜಗಳ ಶುರುವಾದದ್ದು ಕೆರೆಯ ಮೀನಿನ ಹರಾಜಿನಲ್ಲಿ. ಬೈದಾಟ ಹೊಡೆದಾಟವಾಗಿ, ಒಬ್ಬರ ಬಲೆ ಹರಿದು, ಇನ್ನೊಬ್ಬರ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು, ಪೊಲೀಸರು ಬಂದು ಹೋಗಿ, ಊರು ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಎರಡಾಯಿತು. ಮೇಲಿನ ಬೀದಿಗೆ ರುದ್ರಯ್ಯ ಯಜಮಾನ, ಡೈರಿಯ ಅಧ್ಯಕ್ಷನೂ ಅವನೇ. ಕೆಳಗಿನ ಬೀದಿಗೆ ತಿಮ್ಮೇಗೌಡ. ಡೈರಿಯ ಸೆಕ್ರೆಟರಿ ಕೆಂಪರಾಜು ತಿಮ್ಮೇಗೌಡನ ಕಡೆಯವನು. ಎರಡೂ ಬೀದಿಯವರು ದೇವರ ಮುಂದೆ ಕಟ್ಟು ಮಾಡಿಕೊಂಡಿದ್ದರು: ಆ ಕಡೆಯವರ ಜೊತೆ ಮಾತಿಲ್ಲ, ಅವರಿಗೆ ಬೆಂಕಿಯಿಲ್ಲ, ನೀರಿಲ್ಲ, ತಿನ್ನುವ ಪದಾರ್ಥ ಕೊಡುವಂತಿಲ್ಲ, ತರುವಂತಿಲ್ಲ. ಮೀರಿದವರು ಇಡೀ ಬೀದಿಯ ಮುಂದೆ ನಿಂತು ತಪ್ಪುಕಾಣಿಕೆ ಕಟ್ಟಬೇಕು. ಡೈರಿ ಮಾತ್ರ ಜಗಳಕ್ಕೆ ಮೊದಲೇ ಹುಟ್ಟಿದ್ದರಿಂದ ಒಂದಾಗಿಯೇ ಉಳಿದಿತ್ತು. ಹಾಲು ಬೇರೆ ಬೇರೆ ಪಾತ್ರೆಗಳಲ್ಲಿ ಬಂದರೂ ಕೊನೆಗೆ ಒಂದೇ ದೊಡ್ಡ ಕ್ಯಾನಿಗೆ ಬೀಳಬೇಕಿತ್ತು.

ಆ ಸಾಲಿನಲ್ಲಿ ಇಬ್ಬರು ಹೆಂಗಸರ ಮೇಲೆ ನನಗೆ ವಿಶೇಷ ಅನುಮಾನ. ಸಿದ್ದಗಂಗಮ್ಮ ಮೇಲಿನ ಬೀದಿಯವಳು. ಜಯಮ್ಮ ಕೆಳಗಿನ ಬೀದಿಯವಳು, ಅದೂ ತಿಮ್ಮೇಗೌಡನ ಸೊಸೆ. ಇಬ್ಬರೂ ಒಡಹುಟ್ಟಿದ ಅಕ್ಕತಂಗಿಯರು, ಕುಣಿಗಲ್ ಸೀಮೆಯಿಂದ ಒಂದೇ ಊರಿಗೆ ಸೊಸೆಯರಾಗಿ ಬಂದವರು. ಬೀದಿಗಳೆರಡೂ ಕೂಡುವ ಕಡೆ ಅವರ ಮನೆಗಳು, ನಡುವೆ ಒಂದೇ ಗೋಡೆ. ಈ ಇಬ್ಬರ ನಡುವೆ ಮಾತೂ ಇರಲಿಲ್ಲ, ನೋಟವೂ ಇರಲಿಲ್ಲ. ಆದರೆ ದಿನಾ ಒಬ್ಬಳ ಹಿಂದೆ ಒಬ್ಬಳು ಸಾಲಿಗೆ ಬರುತ್ತಿದ್ದರು. ಅಕ್ಕ ತಡವಾದ ದಿನ ತಂಗಿಯೂ ತಡ. ಮಾತಿಲ್ಲದವರಿಗೆ ಇಷ್ಟು ಹೊಂದಾಣಿಕೆ ಎಲ್ಲಿಂದ ಬಂತು? ಒಂದು ಪಾರ್ಟಿಯ ಸುದ್ದಿಯನ್ನು ಇನ್ನೊಂದಕ್ಕೆ ಸಾಗಿಸುವವರು ಇವರೇ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಒಂದು ದಿನ ಆ ಊರಿನ ಕ್ಯಾನು ಹಾಲು ತಂಪಾಗಿಸುವ ಚಿಲ್ಲಿಂಗ್ ಸೆಂಟರಿನಿಂದ ವಾಪಸ್ಸು ಬಂತು. ಅಲ್ಲಿ ಪ್ರತಿ ಕ್ಯಾನಿನಿಂದ ಸ್ವಲ್ಪ ಹಾಲನ್ನು ಗಾಜಿನ ಕೊಳವೆಯಲ್ಲಿ ಕುದಿಸಿ ನೋಡುತ್ತಾರೆ. ಗಂಟುಕಟ್ಟಿದರೆ ಆ ಕ್ಯಾನು ಕೆಟ್ಟ ಹಾಗೆ, ಯಾರೂ ಮುಟ್ಟುವುದಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹಾಲು ಒಡೆಯಿತು. ಸಂಜೆ ನಾನು ಓಡಿದೆ. ಊರು ಆಗಲೇ ಕಾದ ಹೆಂಚಿನಂತಿತ್ತು. ಮೇಲಿನವರು ನಿಂಬೆಹಣ್ಣು ಹಿಂಡಿದ್ದಾರೆ ಎಂದು ಕೆಂಪರಾಜು ಹೇಳಿದ. ಸೆಕ್ರೆಟರಿ ಕ್ಯಾನು ತೊಳೆಯುವುದೇ ಇಲ್ಲ, ಬೇಕೆಂದೇ ನಮ್ಮ ಹಾಲು ಕೆಡಿಸುತ್ತಿದ್ದಾನೆ ಎಂದು ರುದ್ರಯ್ಯ ಹೇಳಿದ. ನಮಗೆ ಬೇರೆ ಡೈರಿ ಮಾಡಿಕೊಡಿ ಎಂಬುದರಲ್ಲಿ ಮಾತ್ರ ಇಬ್ಬರದೂ ಒಮ್ಮತ.

ಡೈರಿಯ ಹಿಂದೆ ನಿಜವಾಗಿಯೂ ಹಿಂಡಿದ ನಿಂಬೆಹೋಳು ಸಿಕ್ಕಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಊರಿನ ಅರ್ಧ ಜನರನ್ನು ಪ್ರಶ್ನೆ ಮಾಡಿದೆ. ಆಮೇಲೆ ಹಾಲಿನ ಲಾರಿ ಬಂತು. ಅಮಾವಾಸ್ಯೆಗೆ ಚಕ್ರದಡಿ ಇಟ್ಟು ತುಳಿಸಿದ ನಿಂಬೆಹಣ್ಣು ಅದು ಎಂದು ಡ್ರೈವರ್ ಹೇಳಿದ. ಜೇಬಿನ ಕಲೆ ಹೋಗಲಿಲ್ಲ ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಆ ಸಂಜೆ ನಾನೇ ಕಡ್ಡಿ ಹಿಡಿದು ನಿಂತೆ. ಪ್ರತಿಯೊಬ್ಬರ ಹಾಲನ್ನೂ ಮೂಸಿದೆ. ಎಲ್ಲರದೂ ಸರಿಯಿತ್ತು. ಜಯಮ್ಮನದು ಎಲ್ಲರಿಗಿಂತ ಗಟ್ಟಿ, ಕಡ್ಡಿ ಎಂದಿಗಿಂತ ಮೇಲೆ ನಿಂತಿತು. ನೋಡಿ, ಹಾಲು ಅಂದರೆ ಹೀಗಿರಬೇಕು ಎಂದು ಸಾಲಿಗೆಲ್ಲ ಹೇಳಿದೆ. ಜಯಮ್ಮ ತಲೆ ತಗ್ಗಿಸಿ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದಳು. ಸುರಿದ ಮೇಲೆ ಕ್ಯಾನಿನ ಅಂಚು ಮುಟ್ಟಿ ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಅವಳ ಮುಂದೆಯೇ ಹಾಲು ಕೊಟ್ಟು ಮುಗಿಸಿದ್ದ ಸಿದ್ದಗಂಗಮ್ಮ ಹೊರಟವಳು ನಿಂತು ಅದನ್ನು ನೋಡಿದಳು. ಅವಳ ಮುಖ ಒಂದು ಥರ ಆಯಿತು. ಇವರಿಬ್ಬರ ನಡುವೆ ಏನೋ ಇದೆ ಎಂದು ನನ್ನ ಮೂಗು ಹೇಳಿತು. ಆ ಕ್ಯಾನೂ ಒಡೆಯಿತು.

ಮೂರ್ತಿ ಸಾಹೇಬರು ಆಫೀಸಿಗೆ ಕರೆಸಿಕೊಂಡರು. ಈ ಒಂದು ಊರಿನ ಜಗಳಕ್ಕೆ ದಾರಿಯುದ್ದದ ಹಾಲು ಕೆಡಿಸಲು ಆಗುವುದಿಲ್ಲ, ನಾಳೆ ಸಂಜೆ ತಾವೇ ಬರುತ್ತಾರೆ, ಅಷ್ಟರಲ್ಲಿ ಯಾರೆಂದು ಪತ್ತೆಯಾಗದಿದ್ದರೆ ಲಾರಿ ಆ ಊರಿಗೆ ಹೋಗುವುದಿಲ್ಲ ಎಂದರು. ಅಷ್ಟು ಸಣ್ಣ ಊರಿಗೆ ಎರಡು ಡೈರಿ ಕೊಡುವ ಮಾತೇ ಇರಲಿಲ್ಲ. ಇದ್ದದ್ದೂ ಹೋಗುತ್ತಿತ್ತು. ಊರು ಒಟ್ಟಾಗಿ ನಿಲ್ಲುವ ಜಾಗವೆಂದು ಉಳಿದಿದ್ದದ್ದು ಆ ಸಾಲೊಂದೇ, ಬೈದುಕೊಂಡಾದರೂ ನಿಲ್ಲುತ್ತಿದ್ದರು. ಅದು ಮುಚ್ಚುತ್ತದೆ ಎನ್ನುವಾಗ ನನಗೆ ಆದ ಸಂಕಟ ನನಗೇ ಆಶ್ಚರ್ಯ ತಂದಿತು.

ಮರುದಿನ ಬೆಳಿಗ್ಗೆ ಮೋಟಾರ್ ಸೈಕಲ್ಲಿನಲ್ಲಿ ಕೆರೆ ಏರಿಯ ಮೇಲೆ ಬರುವಾಗ ಆಲದ ಮರದಲ್ಲಿ ಕಾಗೆಗಳು ಗಲಾಟೆ ಮಾಡುತ್ತಿದ್ದವು. ನಿಲ್ಲಿಸಿ ನೋಡಿದೆ. ಕೊಂಬೆಗೆ ಒಂದು ಚೀಲ ಕಟ್ಟಿತ್ತು. ಹಸು ಕರು ಹಾಕಿದಾಗ ಬೀಳುವ ಮಾಸನ್ನು ನಮ್ಮ ಕಡೆ ನೆಲದಲ್ಲಿ ಹೂಳುವುದಿಲ್ಲ, ಹಾಲು ಸುರಿಯುವ ಮರಕ್ಕೆ ಕಟ್ಟುತ್ತಾರೆ. ಮರದ ಹಾಗೆ ಹಸುವೂ ಹಾಲು ಸುರಿಸಲಿ ಎಂದು. ಹಳೆಯ ಚೀಲಗಳು ಒಣಗಿ ನೇತಾಡುತ್ತಿದ್ದವು. ಇದು ಹೊಸದು, ಕಟ್ಟಿದ ಹಗ್ಗ ಇನ್ನೂ ಬಿಳಿಯಾಗಿತ್ತು. ಊರಿನಲ್ಲಿ ಯಾರದೋ ಹಸು ಈ ವಾರ ಕರು ಹಾಕಿದೆ. ಆದರೆ ಡೈರಿಯಲ್ಲಿ ಯಾರೂ ಹೇಳಿಲ್ಲ. ಹಾಗಾದರೆ ಆ ಹಸುವಿನ ಗಿಣ್ಣುಹಾಲು ಎಲ್ಲಿಗೆ ಹೋಯಿತು?

ಆಗ ಹೊಳೆಯಿತು. ಗಿಣ್ಣುಹಾಲು ಗಟ್ಟಿ, ಕಡ್ಡಿಯನ್ನು ಎತ್ತಿ ಹಿಡಿಯುತ್ತದೆ. ಕಾಯಿಸಿದರೆ ಗಂಟುಕಟ್ಟುತ್ತದೆ, ಮನೆಯಲ್ಲಿ ಬೆಲ್ಲ ಹಾಕಿ ಅದನ್ನೇ ತಾನೇ ಬೇಯಿಸಿ ತಿನ್ನುವುದು. ನಮ್ಮ ಅನುಮಾನವೆಲ್ಲ ಇಷ್ಟು ವರ್ಷ ನೀರಿನ ಮೇಲೆ, ತೆಳುವಾದದ್ದರ ಮೇಲೆ. ಅತಿಯಾಗಿ ಗಟ್ಟಿಯಿರುವ ಹಾಲನ್ನು ನಾನು ಊರವರ ಮುಂದೆ ಹೊಗಳಿ ಕ್ಯಾನಿಗೆ ಸುರಿಸಿದ್ದೆ.

ತಿಮ್ಮೇಗೌಡ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ. ದನ ನೋಡಬೇಕು ಎಂದೆ. ಅವನು ಹಿತ್ತಲ ಕಡೆ ಕೈ ತೋರಿಸಿದ, ಎದ್ದು ಬರಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದವು, ಒಂದರ ಪಕ್ಕದಲ್ಲಿ ಇನ್ನೂ ಕಾಲು ನಿಲ್ಲದ ಹೆಣ್ಣುಕರು. ಜಯಮ್ಮ ಹುಲ್ಲು ಹಾಕುತ್ತಿದ್ದವಳು ನನ್ನನ್ನು ನೋಡಿ ಗೋಡೆಗೆ ಒರಗಿದಳು. ಆ ಗೋಡೆಯ ಆಚೆಗೇ ಅವಳ ಅಕ್ಕನ ಮನೆ.

ಯಾರು ಹಾಕಿಸಿದರು, ಮಾವನೋ ಸೆಕ್ರೆಟರಿಯೋ ಎಂದು ಪೊಲೀಸಿನವನ ಹಾಗೆ ಕೇಳಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಗಿಣ್ಣುಹಾಲಿನಿಂದ ಕ್ಯಾನು ಒಡೆಯುತ್ತಿದೆ ಎಂದ ಮೇಲೆ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಒಂದು ಚೊಂಬು ಹಾಲು ಅಷ್ಟು ದೊಡ್ಡ ಕ್ಯಾನನ್ನು ಕೆಡಿಸುತ್ತದೆ ಎಂದು ತನಗೆ ಗೊತ್ತಿರಲಿಲ್ಲವೆಂದು ಅತ್ತಳು. ಆಮೇಲೆ ನಿಧಾನವಾಗಿ ಹೇಳಿದಳು. ಆ ಹಸು ತವರಿನಿಂದ ಬಂದದ್ದು. ಮೊದಲ ಗಿಣ್ಣು ಗೋಡೆ ಹಂಚಿಕೊಂಡ ಮನೆಗೆ ಹೋಗಬೇಕು, ಆಮೇಲೆ ಮನೆಯವರು ತಿನ್ನಬೇಕು ಎಂಬುದು ಅವರ ಕಡೆಯ ನಡೆ. ಜಗಳವಾದ ವರ್ಷ ಹಸು ಕರು ಹಾಕಿದಾಗ ಕೊಡಲಾಗಲಿಲ್ಲ. ಆ ಕರು ಉಳಿಯಲಿಲ್ಲ.

“ಈ ಸಲವೂ ಕೊಡ್ದೆ ಇದ್ರೆ ಇದೂ ಉಳಿಯಾಕಿಲ್ಲ ಅನ್ಸ್ತು ಸಾರ್. ಕೊಟ್ರೆ ಮಾವಯ್ಯನ್ನೇ ಬೀದೀಲಿ ನಿಲ್ಲಿಸ್ತಾರೆ. ಕ್ಯಾನ್‌ಗಾದ್ರೆ ಎಲ್ಲಾರ ಹಾಲೂ ಬೀಳ್ತದೆ. ಅಲ್ಲಿ ಮೇಲ್ನೋರು ಕೆಳ್ನೋರು ಅಂತಿಲ್ವಲ್ಲ. ಅದ್ಕೆ ಹಾಕ್ಬುಟ್ರೆ ನಮ್ಮಕ್ಕಂಗೂ ಕೊಟ್ಟಂಗಾಯ್ತದೆ ಅಂದ್ಕಂಡೆ.”

ಕರುವಿನ ಬೆನ್ನು ಸವರಿದೆ. ಆದರೂ ಹಾಳು ಬುದ್ಧಿ ಎಲ್ಲಿ ಹೋಗುತ್ತದೆ? ಇಬ್ಬರೂ ಒಟ್ಟಿಗೇ ಸಾಲಿಗೆ ಬರುವುದು ಹೇಗೆ ಎಂದು ಕೇಳಿದೆ.

“ಗೋಡೆ ಆಚೆ ಅವ್ಳು ಹಾಲು ಕರಿಯೋ ಸದ್ದು ಕೇಳ್ತದೆ ಸಾರ್. ನಿಂತ್ಮೇಲೆ ನಾನೂ ಎದ್ದು ಹೊರಡ್ತೀನಿ. ಮಾತಾಡಾಂಗಿಲ್ಲ ನಿಜ. ಸಾಲಲ್ಲಿ ಅವ್ಳ ಬೆನ್ನಾದ್ರೂ ಕಾಣ್ತದಲ್ಲ. ಡೈರಿ ನಿಂತೋದ್ರೆ ಅದೂ ಇಲ್ಲ.”

ಆ ಸಂಜೆಯವರೆಗೆ ನಾನು ಊಟ ಮಾಡಲಿಲ್ಲ. ಅವಳ ಹೆಸರು ಹೇಳಿದರೆ ಡೈರಿ ಉಳಿಯುತ್ತದೆ, ಅವಳು ಉಳಿಯುವುದಿಲ್ಲ. ಪಾರ್ಟಿ ಯಜಮಾನನ ಸೊಸೆಯೇ ಕಟ್ಟು ಮುರಿಯಲು ನೋಡಿದಳು ಎಂದಾಗುತ್ತದೆ. ಮೇಲಿನ ಬೀದಿಯವರು ಅವಳು ಬೇಕೆಂದೇ ಹಾಲು ಕೆಡಿಸಿದಳು ಎಂದೇ ಹೇಳುತ್ತಾರೆ, ಅವಳ ಮಾತನ್ನು ಯಾರು ನಂಬುತ್ತಾರೆ? ಹೆಸರು ಹೇಳದಿದ್ದರೆ ಲಾರಿ ನಿಲ್ಲುತ್ತದೆ, ಅವಳ ಪಾಲಿಗೆ ಅಕ್ಕನ ಬೆನ್ನೂ ಇಲ್ಲ.

ಸಂಜೆ ಜೀಪು ಬಂತು. ಡೈರಿಯ ಮುಂದೆ ಇಡೀ ಊರು ಸೇರಿತ್ತು, ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟು ಎರಡು ಗುಂಪಾಗಿ. ಮೂರ್ತಿ ಸಾಹೇಬರು ನನ್ನ ಕಡೆ ನೋಡಿ ಹೇಳು ಎಂದರು. ಎದ್ದು ನಿಂತೆ. ಯಾರದೋ ಮನೆಯ ಗಿಣ್ಣುಹಾಲು ತಿಳಿಯದೆ ಬೆರೆತಿದೆ, ದ್ವೇಷವೂ ಇಲ್ಲ, ನಿಂಬೆಹಣ್ಣೂ ಇಲ್ಲ ಎಂದೆ. ಯಾರ ಮನೆ, ಹೆಸರು ಹೇಳಿ ಎಂದು ಎರಡೂ ಕಡೆಯಿಂದ ಕೂಗು ಬಿತ್ತು. ಹೆಂಗಸರ ಸಾಲಿನಲ್ಲಿ ಜಯಮ್ಮ ನೆಲ ನೋಡುತ್ತಿದ್ದಳು. ಆ ಕಡೆ ಸಿದ್ದಗಂಗಮ್ಮ ನನ್ನನ್ನೇ ನೋಡುತ್ತಿದ್ದಳು, ಹೇಳಬೇಡಿ ಎನ್ನುವ ಹಾಗೆ. ಅವಳಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಅಕ್ಕನಿಗೆ ತವರಿನ ಹಸುವಿನ ಗಿಣ್ಣಿನ ಬಣ್ಣ ಗೊತ್ತಿರುವುದಿಲ್ಲವೇ?

ಮುಂದಿನ ಮಾತು ಎಲ್ಲಿಂದ ಬಂತೋ ನನಗೆ ಈಗಲೂ ಗೊತ್ತಿಲ್ಲ. ಹೆಸರು ಬೇಕಿಲ್ಲ, ತಪ್ಪು ನಮ್ಮದು, ಒಕ್ಕೂಟದ ಆರ್ಡರನ್ನು ನಿಮಗೆ ತಿಳಿಸಿರಲಿಲ್ಲ ಎಂದೆ. ಹಸು ಕರು ಹಾಕಿದರೆ ಮೊದಲ ಐದು ದಿನದ ಹಾಲು ಡೈರಿಗೆ ಬರಬಾರದು. ಇದು ನಿಜವಾದ ನಿಯಮವೇ. ಅಲ್ಲಿಗೇ ನಿಲ್ಲಿಸದೆ ಮುಂದುವರಿದೆ. ಮನೆಯಲ್ಲಿ ಇಟ್ಟುಕೊಂಡರೆ ಮತ್ತೆ ಡೈರಿಗೆ ಬರುತ್ತದೆ. ಆದ್ದರಿಂದ ಹಿಂದಿನ ಪದ್ಧತಿಯಂತೆ ಗೋಡೆ ಹಂಚಿಕೊಂಡ ಮನೆಗೆ ಮೊದಲು ಕೊಡಬೇಕು. ಕೊಟ್ಟಿದ್ದಾರೋ ಇಲ್ಲವೋ ಎಂದು ನಾನು ಬಂದು ತಪಾಸಣೆ ಮಾಡುತ್ತೇನೆ. ಕೊಡದವರ ಹಾಲು ತೆಗೆದುಕೊಳ್ಳುವುದಿಲ್ಲ.

ರುದ್ರಯ್ಯ ಮುಂದೆ ಬಂದ. ಅವನು ನನ್ನಷ್ಟೇ ಅನುಮಾನದವನು. “ಇಂಥ ಆರ್ಡ್ರು ನಾನೆಲ್ಲೂ ಕೇಳಿಲ್ಲ. ಐತಾ ಸ್ವಾಮಿ?” ಎಂದು ನನ್ನನ್ನು ಬಿಟ್ಟು ಮೂರ್ತಿ ಸಾಹೇಬರನ್ನು ಕೇಳಿದ.

ಸಾಹೇಬರು ನನ್ನ ಮುಖವನ್ನು ನೋಡಿದರು. ಇಷ್ಟು ವರ್ಷ ಹಾಲು ತಂದವರನ್ನು ನೋಡುತ್ತಿದ್ದರಲ್ಲ, ಹಾಗೆಯೇ ನೋಡಿದರು. ಆಮೇಲೆ ಹೆಂಗಸರ ಕಡೆ ಒಂದು ಸಲ ಕಣ್ಣು ಹಾಯಿಸಿದರು.

“ಇದೆ” ಎಂದರು.

ಈಗ ತಿಮ್ಮೇಗೌಡನ ಸರದಿ. ಎದ್ದು ನಿಂತು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಗೋಡೆ ಒಂದೇ ಇದ್ರೆ, ಯಾವ್ ಬೀದಿ ಮನೆ ಆದ್ರೂನಾ?” ಎಂದು ಕೇಳಿದ.

“ಯಾವ ಬೀದಿ ಆದ್ರೂ” ಎಂದೆ.

“ಎಲ್ರೂ ಕೇಳಿಸ್ಕಂಡ್ರಲ್ಲ” ಎಂದು ತನ್ನ ಕಡೆಯವರತ್ತ ತಿರುಗಿದ. “ಆರ್ಡ್ರು ಅಂದ್ಮೇಲೆ ಏನ್ ಮಾಡಾಕಾಯ್ತದೆ. ಡೈರಿ ಉಳೀಬೇಕಲ್ಲ.”

ಮುದುಕ ಆ ಬೆಳಿಗ್ಗೆ ನನ್ನ ಜೊತೆ ಕೊಟ್ಟಿಗೆಗೆ ಬರದೆ ಜಗಲಿಯ ಮೇಲೇ ಕೂತದ್ದು ಏಕೆ ಎಂದು ಆಗ ನನಗೆ ಅನುಮಾನ ಬಂತು. ಸೊಸೆ ಏನು ಮಾಡುತ್ತಿದ್ದಾಳೆಂದು ಅವನಿಗೂ ಗೊತ್ತಿತ್ತು. ಕಟ್ಟು ಮಾಡಿದವನು ತಾನೇ ಅದನ್ನು ಬಿಚ್ಚುವಂತಿರಲಿಲ್ಲ, ಹೊರಗಿನವನೊಬ್ಬ ಬಂದು ಬಿಚ್ಚಲಿ ಎಂದು ಕಾದಿದ್ದ. ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನ ಬುದ್ಧಿಮಾತು ಇಷ್ಟೇ. ಅನುಮಾನ ಬಿಡಬೇಡಿ, ನಮ್ಮ ಕಸುಬಿಗೆ ಅದು ಬೇಕು. ಆದರೆ ಜನ ಒಳಗೊಳಗೇ ಒಳ್ಳೆಯವರೂ ಇರಬಹುದು ಎಂಬ ಅನುಮಾನವನ್ನೂ ಅದರ ಪಕ್ಕದಲ್ಲಿ ಇಟ್ಟುಕೊಳ್ಳಿ. ಕೆಟ್ಟ ಕಾಲದಲ್ಲಿ ಜನ ಕಳ್ಳತನವನ್ನು ಮುಚ್ಚಿಡುವುದಕ್ಕಿಂತ ಹೆಚ್ಚು ಹುಷಾರಾಗಿ ಮುಚ್ಚಿಡುವುದು ಪ್ರೀತಿಯನ್ನು.

ಮೋಟಾರ್ ಸೈಕಲ್ಲನ್ನು ಡೈರಿಯಲ್ಲೇ ಬಿಟ್ಟು ಸಾಹೇಬರ ಜೀಪಿನಲ್ಲಿ ವಾಪಸ್ಸು ಹೊರಟೆ. ಗುಬ್ಬಿ ದಾಟಿದ ಮೇಲೆ ಅವರು ಕೇಳಿದರು, “ಯಾವ ಸರ್ಕ್ಯುಲರ್ ಕಣಯ್ಯ ಅದು?”

“ನಾಳೆ ಬರೆದು ಸಹಿಗೆ ತರ್ತೀನಿ ಸಾರ್” ಎಂದೆ.

“ಬರೀಬೇಡ. ಬರೆದ್ರೆ ಯಾರಾದ್ರೂ ಓದ್ತಾರೆ” ಎಂದರು. ಆ ದಿನ ಮಾತ್ರ ಅವರ ಬೆನ್ನು ಸೀಟಿಗೆ ತಾಗಿದ್ದನ್ನು ನಾನು ಕಂಡೆ.

ಆ ಆರ್ಡರು ಹೇಗೆ ಊರಿಂದೂರಿಗೆ ಹೋಗಿ ಕುಣಿಗಲ್ ಮುಟ್ಟಿತೋ ಗೊತ್ತಿಲ್ಲ. ಲಾರಿಯವರು ಹೇಳಿರಬೇಕು. ಕಡತ ತಡಕಿದ ಹುಡುಗಿಗೆ ಹೇಳುವುದಿಷ್ಟೇ: ಅಮ್ಮಾ, ಹುಡುಕಬೇಡ, ಸಿಗುವುದಿಲ್ಲ.

ಆರ್ಡರು ಹೇಳಿದ ಮರುದಿನ ಬೆಳಿಗ್ಗೆ ತಪಾಸ‌ಣೆಯ ನೆಪದಲ್ಲಿ ಹೋದೆ. ಜಯಮ್ಮ ಹಿತ್ತಿಲಿನಲ್ಲಿ ಒರಳುಕಲ್ಲಿನ ಮೇಲೆ ಹತ್ತಿ ನಿಂತು ಹಿತ್ತಾಳೆ ಚೊಂಬನ್ನು ಗೋಡೆಯ ಮೇಲಿಂದ ಚಾಚಿದ್ದಳು. ಆಚೆಯಿಂದ ಬಳೆಗಳ ಕೈಯೊಂದು ಬಂದು ತೆಗೆದುಕೊಂಡಿತು. ಸ್ವಲ್ಪ ಹೊತ್ತಿಗೆ ಅದೇ ಚೊಂಬು ಗೋಡೆಯ ಮೇಲೆ ಬಂತು, ತಳದಲ್ಲಿ ಒಂದು ಅಚ್ಚು ಬೆಲ್ಲ. ಕೊಟ್ಟ ಪಾತ್ರೆಯನ್ನು ಖಾಲಿ ಕಳಿಸಬಾರದಲ್ಲ. ನಾನು ನೋಡಿಲ್ಲವೆಂಬಂತೆ ಕರುವಿನ ಕಿವಿ ಪರೀಕ್ಷೆ ಮಾಡಿದೆ.

ಊರು ಒಂದೇ ಸಲಕ್ಕೆ ಸರಿಹೋಗಲಿಲ್ಲ. ಕೆರೆ ಮೀನಿನ ಜಗಳ ಇನ್ನೂ ಎಷ್ಟೋ ಕಾಲ ನಡೆಯಿತು. ಮುಂದಿನ ವಾರ ಹೋದಾಗಲೂ ಸಾಲಿನಲ್ಲಿ ಎಲ್ಲರೂ ಪಾತ್ರೆಗಳನ್ನು ಎದೆಗವಚಿಕೊಂಡೇ ನಿಂತಿದ್ದರು. ನಾನು ಕಡ್ಡಿ ತೊಳೆಯುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಸಿದ್ದಗಂಗಮ್ಮ ಒಂದು ಗಳಿಗೆ ಸುತ್ತಮುತ್ತ ನೋಡಿದಳು. ತನ್ನ ಹಾಲಿನ ಕ್ಯಾನನ್ನು ನೆಲಕ್ಕಿಟ್ಟಳು, ಮುಚ್ಚಳ ಕೂಡ ಒತ್ತಲಿಲ್ಲ. ನಡೆದು ಹೋಗಿ ಹೊಂಗೆಮರದ ನೆರಳಿನಲ್ಲಿ ಕಾಲು ಚಾಚಿ ಕೂತಳು. ಸಾಲಿಗೆ ಸಾಲೇ ಆ ಒಂಟಿ ಕ್ಯಾನನ್ನು ನೋಡಿತು. ಮುಂದಿನವರು ಸರಿದರು. ಜಯಮ್ಮ ಬಗ್ಗಿ, ಒಂದು ಕೈಯಲ್ಲಿ ತನ್ನದನ್ನೂ ಇನ್ನೊಂದು ಕೈಯಲ್ಲಿ ಅಕ್ಕನದನ್ನೂ ಎತ್ತಿಕೊಂಡು ಮುಂದೆ ನಡೆದಳು.